ಬೀಡಿಯೂ ರಕ್ತದ ಲೆಕ್ಕವೂ

ಮನೆಯಲ್ಲಿ ಓದು ಬಲ್ಲವನು ಒಬ್ಬನೇ ಇದ್ದರೆ ಅವನು ಪಠ್ಯಪುಸ್ತಕಗಳನ್ನಲ್ಲದೆ ಇನ್ನೂ ಕೆಲವನ್ನು ಓದಬೇಕಾಗುತ್ತದೆ: ಕಂದಾಯದ ಚೀಟಿ, ಬ್ಯಾಂಕಿನ ಕಾಗದ, ರಕ್ತಪರೀಕ್ಷೆಯ ವರದಿ. ಹಾರೋಹಳ್ಳಿಯ ಸುತ್ತಿನ ಹಳ್ಳಿಗಳಿಂದ ಬರುವ ನಮ್ಮಲ್ಲಿ ಅನೇಕರಿಗೆ ಇದು ನಿತ್ಯದ ಕೆಲಸ. ಕಲಾ ವಿದ್ಯಾರ್ಥಿಗೆ ಜಠರದ ವಿಚಾರವೇಕೆ ಎಂದು ಕೇಳುವವರಿಗೆ ಇದೇ ನನ್ನ ಉತ್ತರ.

ಜಠರದ ಒಳಪದರವು ಪೆಪ್ಸಿನೋಜನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಆಹಾರವನ್ನು ಅರಗಿಸುವ ಪೆಪ್ಸಿನ್ ಹುಟ್ಟುವುದು ಇದರಿಂದಲೇ. ಇದರ ಅಲ್ಪಾಂಶ ರಕ್ತಕ್ಕೂ ಸೇರುತ್ತದೆ. ಇದರಲ್ಲಿ ಎರಡು ಬಗೆ. ಮೊದಲನೆಯದು ಮುಖ್ಯವಾಗಿ ಜಠರದ ಮೇಲ್ಭಾಗ ಮತ್ತು ನಡುಭಾಗದಲ್ಲಿ ಹುಟ್ಟುತ್ತದೆ. ಎರಡನೆಯದು ಇಡೀ ಜಠರದಲ್ಲಿಯೂ ಸಣ್ಣ ಕರುಳಿನ ಆರಂಭದಲ್ಲಿಯೂ ಹುಟ್ಟುತ್ತದೆ. ಬಹುಕಾಲದ ಉರಿಯೂತದಿಂದ ಒಳಪದರ ಸವೆದರೆ ಮೊದಲನೆಯದು ಇಳಿಯುತ್ತದೆ. ಇಂಥ ಸವೆದ ಜಠರದಲ್ಲಿ ಮುಂದೆ ಕ್ಯಾನ್ಸರ್ ತಲೆಯೆತ್ತುವ ಸಂಭವ ಹೆಚ್ಚು. ಆದುದರಿಂದ ಮೊದಲನೆಯದು ಮಿಲಿಲೀಟರಿಗೆ 70 ನ್ಯಾನೋಗ್ರಾಮನ್ನೂ, ಎರಡರ ಅನುಪಾತ 3ನ್ನೂ ಮೀರದಿದ್ದರೆ ಅದನ್ನು ಎಚ್ಚರಿಕೆಯ ಗುರುತೆಂದು ಜಪಾನಿನ ವೈದ್ಯರು ಬಳಸುತ್ತ ಬಂದಿದ್ದಾರೆ.

ಈ ಉರಿಯೂತಕ್ಕೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಜೀವಿ. 1982ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಇದನ್ನು ಬೆಳೆಸಿ ಗುರುತಿಸಿದರು. ಜಗತ್ತು ನಂಬದಿರಲು, 1984ರಲ್ಲಿ ಮಾರ್ಷಲ್ ಆ ಜೀವಿಗಳನ್ನು ತಾವೇ ಕುಡಿದು ಉರಿಯೂತ ತಂದುಕೊಂಡರು; 2005ರಲ್ಲಿ ಇಬ್ಬರಿಗೂ ನೊಬೆಲ್ ಬಹುಮಾನ ಬಂದಿತು. ಈ ಸೋಂಕು ತಗುಲಿದಾಗ ಎರಡು ಬಗೆಯೂ ಏರುತ್ತವೆ. ಎರಡನೆಯದು ಹೆಚ್ಚಾಗಿ ಏರುವುದರಿಂದ ಅನುಪಾತ ತಗ್ಗುತ್ತದೆ.

ಇನ್ನು ಧೂಮಪಾನ. ಸೇದುವವರ ರಕ್ತದಲ್ಲಿ ಮೊದಲನೆಯ ಬಗೆ ಹೆಚ್ಚಾಗಿರುವುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಸವೆತವು ಇಳಿಸುವ ಅಂಕಿಯನ್ನು ಹೊಗೆಯು ಮೇಲೆತ್ತಿದರೆ, ವರದಿ ನೀಡುವ ಸಮಾಧಾನ ಹುಸಿಯಾಗಬಹುದಲ್ಲವೆ? ಅಷ್ಟೇ ಅಲ್ಲ; ಈ ಸೋಂಕನ್ನು ಕಳೆಯುವ ಔಷಧಗಳೂ ಸೇದುವವರಲ್ಲಿ ವಿಫಲವಾಗುವುದು ಹೆಚ್ಚು. ಎದೆಯುರಿಗೆಂದು ಅಂಗಡಿಯಿಂದ ತಂದು ನುಂಗುವ ಆಮ್ಲ ತಗ್ಗಿಸುವ ಮಾತ್ರೆಗಳೂ ಈ ಅಂಕಿಗಳನ್ನು ಏರಿಸಬಲ್ಲವು.

ಆದುದರಿಂದ ರಕ್ತದ ಅಂಕಿಗೆ ಬಾಯಿಮಾತಿನ ಸಾಕ್ಷಿ ಬೇಕು. ಆ ಸಾಕ್ಷಿಯೇ ನಮ್ಮಲ್ಲಿ ದುರ್ಲಭ. "ಬೀಡಿ ಸೇದುತ್ತೀರಾ?" ಎಂದರೆ ಹಿರಿಯರು ಸಂಕೋಚದಿಂದ ಇಲ್ಲವೆನ್ನುತ್ತಾರೆ; ತಂದೆ ಪಕ್ಕದಲ್ಲಿದ್ದರೆ ಮಗನೂ ಇಲ್ಲವೆನ್ನುತ್ತಾನೆ. ಹೊಗೆಸೊಪ್ಪು ರೇಷ್ಮೆಹುಳುವಿಗೆ ವಿಷವೆಂದು ನಮ್ಮ ಸೀಮೆಯ ರೈತ ಬಲ್ಲ. ಹುಳುಮನೆಯಲ್ಲಿ ಬೀಡಿ ಹಚ್ಚಲು ಬಿಡುವುದಿಲ್ಲ. ಹುಳುವಿಗಾಗಿ ತೋರುವ ಈ ಎಚ್ಚರವನ್ನು ತನ್ನ ಹೊಟ್ಟೆಗೂ ತೋರಬೇಡವೆ?

ಸೇದುವವನನ್ನು ನಾಲ್ಕು ಜನರ ಮುಂದೆ ಹೀಯಾಳಿಸಿದರೆ ಚಟ ಬಿಡುತ್ತದೆಂದು ಕೆಲವರು ವಾದಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹೀಯಾಳಿಕೆ ಕಲಿಸುವುದು ಮುಚ್ಚಿಡುವುದನ್ನು. ಮುಚ್ಚಿಟ್ಟದ್ದು ವೈದ್ಯರ ಕಣ್ಣನ್ನೂ ತಪ್ಪಿಸುತ್ತದೆ. ಬಿಡಿಸಲು ಶ್ರಮಿಸೋಣ, ಆದರೆ ಮೊದಲು ನಿಜ ಹೇಳುವಷ್ಟು ಧೈರ್ಯ ಕೊಡೋಣ.

ಮಿತ್ರರೇ, ಆಸ್ಪತ್ರೆಯ ಅರ್ಜಿಯನ್ನು ಮನೆಯವರ ಪರವಾಗಿ ತುಂಬುವವರು ನಾವು. ದಿನಕ್ಕೆ ಎಷ್ಟು ಬೀಡಿ, ಎಷ್ಟು ವರ್ಷದಿಂದ, ಯಾವ ಮಾತ್ರೆ ಎಂಬುದನ್ನು ಮೆಲ್ಲನೆ ಕೇಳಿ, ಇದ್ದಂತೆ ಬರೆಯೋಣ. ವರದಿ ಬಂದಾಗ ಒಂದು ಅಂಕಿಯನ್ನು ನೋಡಿ "ಏನೂ ಇಲ್ಲ" ಎಂದು ತೀರ್ಪು ಕೊಡದೆ ವೈದ್ಯರ ಬಳಿಗೆ ಒಯ್ಯೋಣ. ಅವರು ಎಂಡೋಸ್ಕೋಪಿ ಬೇಕೆಂದರೆ ಹಿಂಜರಿಯದಿರೋಣ. ನಮಗೆ ಅಕ್ಷರ ಕಲಿಸಲು ದುಡಿದವರಿಗೆ ಆ ಅಕ್ಷರದಿಂದ ಇಷ್ಟಾದರೂ ಉಪಕಾರವಾಗಲಿ.

— ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿ