ಹೆಲ್ಮೆಟ್ ಒಳಗೆ ಇಯರ್‌ಫೋನ್: ಕಿವಿಗೆ ಕಾವಲೋ, ಕಂಟಕವೋ?

ಬೈಕ್ ಓಡಿಸುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಕಿವಿಯ ಬಗ್ಗೆ ಮೂರು ಮಾತುಗಳು ಆಗಾಗ ಸುತ್ತುತ್ತಿರುತ್ತವೆ. ಫುಲ್ ಫೇಸ್ ಹೆಲ್ಮೆಟ್ ಇದ್ದರೆ ಸದ್ದು ಒಳಗೆ ಬರುವುದಿಲ್ಲ ಎಂಬುದು ಮೊದಲನೆಯದು. ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಬಡ್ ಹಾಕಿಕೊಂಡರೆ ಕಿವಿಗೆ ರಕ್ಷಣೆ ಎಂಬುದು ಎರಡನೆಯದು. ಇಯರ್‌ಪ್ಲಗ್ ಹಾಕಿದರೆ ಹಿಂದಿನ ಲಾರಿಯ ಹಾರನ್ ಕೇಳಿಸುವುದಿಲ್ಲ, ಹಾಗಾಗಿ ಅದು ಅಪಾಯ ಎಂಬುದು ಮೂರನೆಯದು. ಕೇಳಲು ಮೂರೂ ಸರಿ ಎನಿಸುತ್ತವೆ. ಆದರೆ ಮೊದಲೆರಡು ತಪ್ಪು, ಮೂರನೆಯದು ಅರ್ಧ ಸತ್ಯ. ಹೇಗೆ ಎಂದು ನೋಡೋಣ.

ಕಿವಿಗೆ ಬಡಿಯುವ ಸದ್ದು ಯಾವುದು?

ಬೈಕ್ ಸವಾರಿಯ ಸದ್ದು ಎಂದಾಕ್ಷಣ ನಮಗೆ ನೆನಪಾಗುವುದು ಎಂಜಿನ್ ಮತ್ತು ಸೈಲೆನ್ಸರ್. ಆದರೆ ವೇಗ ಹೆಚ್ಚಿದಂತೆ ಇವೆರಡನ್ನೂ ಗಾಳಿಯ ಸದ್ದು ಮೀರಿಸುತ್ತದೆ. ಹೆಲ್ಮೆಟ್‌ನ ಅಂಚಿಗೆ ಬಡಿದ ಗಾಳಿ ಸುಳಿಸುಳಿಯಾಗಿ ಒಡೆಯುವಾಗ ಹುಟ್ಟುವ ಭೋರ್ಗರೆತ ಇದು. ಸವಾರನ ಕಿವಿಯ ಬಳಿಯೇ ಮೈಕ್ ಇಟ್ಟು ಅಳೆದಾಗ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸುಮಾರು 90 ಡೆಸಿಬಲ್, 160 ಕಿ.ಮೀ. ವೇಗದಲ್ಲಿ ಸುಮಾರು 110 ಡೆಸಿಬಲ್ ಸಿಕ್ಕಿದೆ. ಅಂದರೆ ನಮ್ಮ ಹೆದ್ದಾರಿಗಳ 80ರ ವೇಗದಲ್ಲಿ ಅದು 95ರ ಆಸುಪಾಸು ಇರುತ್ತದೆ. ಈ ಅಳತೆ ಹೆಲ್ಮೆಟ್ ಹಾಕಿಕೊಂಡಾಗಿನದು ಎಂಬುದು ಗಮನಿಸಬೇಕಾದ ಸಂಗತಿ.

ಹೆಲ್ಮೆಟ್ ಈ ಸದ್ದನ್ನು ಯಾಕೆ ತಡೆಯುವುದಿಲ್ಲ? ಅದರೊಳಗಿನ ಥರ್ಮೋಕೋಲ್‌ನಂಥ ಪದರ ಇರುವುದು ಪೆಟ್ಟು ಹೀರಲು, ಸದ್ದು ಹೀರಲು ಅಲ್ಲ. ಗಾಳಿಯ ಸದ್ದಿನಲ್ಲಿ ಹೆಚ್ಚಿನ ಪಾಲು ತಗ್ಗು ಕಂಪನಾಂಕದ ಗುಡುಗಿನಂಥ ದನಿ. ಇದು ಹೆಲ್ಮೆಟ್ ದಾಟಿ ಸುಲಭವಾಗಿ ಒಳಗೆ ಬರುತ್ತದೆ. ಗದ್ದದ ಕೆಳಗಿನ ಸಂದಿಯಿಂದಲೂ ಬಹಳಷ್ಟು ಸದ್ದು ಕಿವಿ ತಲುಪುತ್ತದೆ ಎಂದು ಬ್ರಿಟನ್ನಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ.

ಎಷ್ಟು ಹೊತ್ತು ತಡೆದುಕೊಳ್ಳಬಹುದು?

ಡೆಸಿಬಲ್ ಲೆಕ್ಕ ನಮ್ಮ ದಿನನಿತ್ಯದ ಲೆಕ್ಕದಂತಲ್ಲ. 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಶ್ ಹೇಳುವ ಮಿತಿ ಹೀಗಿದೆ:

- 85 ಡೆಸಿಬಲ್: ದಿನಕ್ಕೆ 8 ಗಂಟೆ
- 88 ಡೆಸಿಬಲ್: 4 ಗಂಟೆ
- 91 ಡೆಸಿಬಲ್: 2 ಗಂಟೆ
- 94 ಡೆಸಿಬಲ್: 1 ಗಂಟೆ
- 100 ಡೆಸಿಬಲ್: ಬರೀ 15 ನಿಮಿಷ

ಬೆಂಗಳೂರಿನಿಂದ ಹಾಸನಕ್ಕೆ ಬೈಕಿನಲ್ಲಿ ಹೊರಟರೆ ಕುಣಿಗಲ್ ದಾಟುವ ಹೊತ್ತಿಗೆ ಆ ದಿನದ ಮಿತಿ ಹೆಚ್ಚುಕಡಿಮೆ ಮುಗಿದಿರುತ್ತದೆ. ಇಳಿದ ಮೇಲೆ ಕಿವಿ ಗುಂಯ್ ಎನ್ನುವುದು, ಹೋಟೆಲಿನವರು ಹೇಳಿದ್ದು ಮಂಕಾಗಿ ಕೇಳಿಸುವುದು ಇದೇ ಕಾರಣಕ್ಕೆ. ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಸುಮಾರು 15,000 ಕೂದಲು ಜೀವಕೋಶಗಳಿವೆ. ದಣಿದವು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ, ಅದಕ್ಕೆ ಔಷಧವೂ ಇಲ್ಲ.

ಈ ನಷ್ಟ ಮೊದಲು ತಟ್ಟುವುದು ತೆಳುವಾದ, ಏರು ದನಿಗಳಿಗೆ. ಹಾಗಾಗಿ ಹಾಲು, ಸಾಲು, ಕಾಲು ಎಂಬ ಪದಗಳಲ್ಲಿ ಮೊದಲ ಅಕ್ಷರ ಯಾವುದೆಂದು ತಿಳಿಯದೆ ತಡವರಿಸುವಂತಾಗುತ್ತದೆ. ಮಾತು ಕೇಳಿಸುತ್ತದೆ, ಅರ್ಥವಾಗುವುದಿಲ್ಲ. ಮನೆಯವರು ಗೊಣಗುತ್ತಾರೆ ಎಂದು ನಾವು ದೂರುತ್ತೇವೆ, ತೊಂದರೆ ಇರುವುದು ನಮ್ಮ ಕಿವಿಯಲ್ಲಿ.

ಇಯರ್‌ಫೋನ್ ಹಾಕಿದರೆ?

95 ಡೆಸಿಬಲ್ ಗದ್ದಲದಲ್ಲಿ ಹಾಡು ಕೇಳಿಸಬೇಕಾದರೆ ಹಾಡು ಆ ಗದ್ದಲವನ್ನು ಮೀರಬೇಕು. ಸವಾರ ತನಗೇ ಗೊತ್ತಿಲ್ಲದೆ ವಾಲ್ಯೂಮ್ ಏರಿಸುತ್ತಾನೆ. ಕಿವಿಗೆ ಗಾಳಿಯ ಸದ್ದಿನ ಜೊತೆಗೆ ಹಾಡಿನ ಸದ್ದೂ ಬೀಳುತ್ತದೆ. ಕಿವಿಯನ್ನು ಮುಚ್ಚದ, ಹೆಲ್ಮೆಟ್ ಒಳಗೆ ಅಂಟಿಸುವ ಸ್ಪೀಕರ್‌ಗೂ ಇದೇ ಮಾತು ಅನ್ವಯ.

ನಾಯ್ಸ್ ಕ್ಯಾನ್ಸಲಿಂಗ್ ತಂತ್ರಜ್ಞಾನ ಹೊರಗಿನ ಸದ್ದಿಗೆ ಎದುರಾದ ಅಲೆಯನ್ನು ಹುಟ್ಟಿಸಿ ಅದನ್ನು ಅಳಿಸುತ್ತದೆ. ವಿಮಾನದೊಳಗಿನ ಒಂದೇ ಸಮನೆಯ ಗುಂಯ್‌ಗುಡುವಿಕೆಗೆ ಇದು ಚೆನ್ನಾಗಿ ಒಗ್ಗುತ್ತದೆ. ಕ್ಷಣಕ್ಷಣಕ್ಕೂ ಬದಲಾಗುವ ಗಾಳಿಯ ಸುಳಿ ನೇರ ಮೈಕಿಗೇ ಬಡಿದಾಗ ಅದು ಎಡವುತ್ತದೆ. ಜೊತೆಗೆ, ಇಂಥ ಬಡ್‌ಗಳನ್ನು ಸಾಮಾನ್ಯವಾಗಿ ಶ್ರವಣ ರಕ್ಷಣೆಯ ಸಾಧನವೆಂದು ಪರೀಕ್ಷಿಸಿ ಮಾರುವುದಿಲ್ಲ. ಡಬ್ಬಿಯ ಮೇಲಿನ ಡೆಸಿಬಲ್ ಅಂಕಿಯನ್ನು ರಕ್ಷಣೆಯ ಅಂಕಿ ಎಂದುಕೊಳ್ಳಬೇಡಿ.

ಒಂದೇ ಕಿವಿಗೆ ಬಡ್ ಹಾಕಿದರೆ ಸುರಕ್ಷಿತ ಎಂಬ ನಂಬಿಕೆಯೂ ಇದೆ. ಸದ್ದು ಯಾವ ದಿಕ್ಕಿನಿಂದ ಬಂತೆಂದು ಮಿದುಳು ತಿಳಿಯುವುದು ಎರಡೂ ಕಿವಿಗಳ ಸದ್ದನ್ನು ಹೋಲಿಸಿ. ಒಂದನ್ನು ಮುಚ್ಚಿದರೆ ಆ ಲೆಕ್ಕ ತಪ್ಪುತ್ತದೆ, ತೆರೆದ ಕಿವಿಗೆ ಗಾಳಿಯ ಹೊಡೆತವೂ ತಪ್ಪುವುದಿಲ್ಲ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಫೋನ್ ಕೈಯಲ್ಲಿ ಹಿಡಿದು ಓಡಿಸುವುದು ಅಪಾಯಕಾರಿ ಚಾಲನೆ. 2020ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ನಿಯಮ ದಾರಿ ನೋಡಲು ಮಾತ್ರ ಫೋನ್ ಬಳಸಲು ಬಿಡುತ್ತದೆ, ಅದೂ ಗಮನ ಕೆಡದಂತೆ. ಬ್ಲೂಟೂತ್ ಆದರೆ ಏನೂ ತೊಂದರೆಯಿಲ್ಲ ಎಂದು ಇದರ ಅರ್ಥವಲ್ಲ. ಇಯರ್‌ಫೋನ್ ಹಾಕಿಕೊಂಡು ಓಡಿಸುವವರಿಗೆ ಸಂಚಾರ ಪೊಲೀಸರು ದಂಡ ಹಾಕುವುದೂ ಉಂಟು.

ಪ್ಲಗ್ ಹಾಕಿದರೆ ಹಾರನ್ ಕೇಳುವುದಿಲ್ಲವೇ?

ಬಿಸಿಲಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿದರೆ ಎಲ್ಲವೂ ಸ್ವಲ್ಪ ಮಂದವಾಗುತ್ತದೆ. ಆದರೂ ಕಣ್ಣು ಕುಕ್ಕುವುದು ನಿಂತು ರಸ್ತೆ ಚೆನ್ನಾಗಿ ಕಾಣುತ್ತದೆ. ಪ್ಲಗ್ ಮಾಡುವ ಕೆಲಸವೂ ಇಂಥದ್ದೇ. ಗಾಳಿಯ ಸದ್ದು ಇಳಿಯುತ್ತದೆ, ಹಾರನ್ ಸದ್ದೂ ಇಳಿಯುತ್ತದೆ. ಗಾಳಿಗಿಂತ ಹಾರನ್ ಎಷ್ಟು ಜೋರೆಂಬ ವ್ಯತ್ಯಾಸ ಬಹುಮಟ್ಟಿಗೆ ಹಾಗೇ ಉಳಿಯುತ್ತದೆ. ಆದ್ದರಿಂದ ಹೆದ್ದಾರಿ ವೇಗದಲ್ಲಿ ಹಾರನ್ ಕೇಳಿಸುತ್ತದೆ. ದಣಿವೂ ಕಡಿಮೆ.

ಹಾಗಾದರೆ ಇದು ಅರ್ಧ ಸತ್ಯ ಯಾಕೆ? ಸಿಲ್ಕ್ ಬೋರ್ಡ್‌ನಂಥ ಕಡೆ 20ರ ವೇಗದಲ್ಲಿ ತೆವಳುವಾಗ ಗಾಳಿಯ ಸದ್ದೇ ಇರುವುದಿಲ್ಲ. ಅಲ್ಲಿ ಪ್ಲಗ್‌ನಿಂದ ಲಾಭ ಕಡಿಮೆ, ಪಕ್ಕಕ್ಕೆ ಬಂದ ಸೈಕಲ್ ಬೆಲ್ಲಿನಂಥ ಸಣ್ಣ ಸದ್ದು ತಪ್ಪಿಹೋಗಬಹುದು. ಈಗಾಗಲೇ ಕಿವಿ ಮಂದವಿದ್ದವರು ವೈದ್ಯರನ್ನು ಕೇಳದೆ ಪ್ಲಗ್ ಬಳಸಬಾರದು.

ಯಾವುದನ್ನು ಆರಿಸಬೇಕು?

*ಹತ್ತಿ:* ನಮ್ಮಲ್ಲಿ ಬಹಳ ಮಂದಿ ಕಿವಿಗೆ ಹತ್ತಿ ಇಟ್ಟು ಮಫ್ಲರ್ ಸುತ್ತಿ ಹೊರಡುತ್ತಾರೆ. ಅದು ಥಂಡಿ ಗಾಳಿಯನ್ನು ತಡೆಯುತ್ತದೆ, ಸದ್ದನ್ನಲ್ಲ.

*ಫೋಮ್ ಪ್ಲಗ್:* ಎಲ್ಲಕ್ಕಿಂತ ಅಗ್ಗ, ಸರಿಯಾಗಿ ಹಾಕಿದರೆ ಒಳ್ಳೆಯ ರಕ್ಷಣೆ. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಡಿ. ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಿಂದ ಹಿಡಿದಿರಿ. ಕೊಳೆಯಾದರೆ ಎಸೆಯಿರಿ.

*ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್:* ಬೆಲೆ ಹೆಚ್ಚು, ತೊಳೆದು ಮತ್ತೆ ಬಳಸಬಹುದು. ಫೋಮ್‌ಗಿಂತ ಕಡಿಮೆ ಸದ್ದು ತಡೆದರೂ ಮಾತು, ಹಾರನ್ ಹೆಚ್ಚು ಸ್ಪಷ್ಟವಾಗಿ ಕೇಳಿಸುತ್ತವೆ.

ಪ್ಯಾಕೆಟ್ ಮೇಲೆ ಎನ್‌ಆರ್‌ಆರ್ 33 ಎಂದಿದ್ದರೆ 33 ಡೆಸಿಬಲ್ ಪೂರ್ತಿ ಇಳಿಯುತ್ತದೆ ಎಂದಲ್ಲ. ಅದು ಪ್ರಯೋಗಾಲಯದ ಅಂಕಿ. 7 ಕಳೆದು ಅರ್ಧ ಮಾಡಿ: 13. ನಿಜ ಬಳಕೆಗೆ ಇಷ್ಟೇ ನೆಚ್ಚಬಹುದು. ಆದರೂ 95 ಇದ್ದದ್ದು 82ಕ್ಕೆ ಇಳಿಯುತ್ತದೆ, ಅಂದರೆ ಇಡೀ ದಿನದ ಸವಾರಿಯೂ ಮಿತಿಯೊಳಗೆ.

ಪ್ಲಗ್ ಹಾಕಿದ ಮೇಲೂ ಹೆಲ್ಮೆಟ್ ತಲೆಗೆ ಸರಿಯಾಗಿ ಕೂರಬೇಕು, ಕಿವಿಗೆ ಒತ್ತಬಾರದು. ಕಿವಿ ಸೋರುತ್ತಿದ್ದರೆ, ನೋವಿದ್ದರೆ ಅಥವಾ ಗುಗ್ಗೆ ಗಟ್ಟಿಯಾಗಿದ್ದರೆ ಮೊದಲು ಚಿಕಿತ್ಸೆ ಪಡೆಯಿರಿ. ದಾರಿ ಹೇಳುವ ದನಿ ಬೇಕೇಬೇಕೆಂದರೆ ಗಾಡಿ ಹೊರಡುವ ಮೊದಲೇ, ನಿಂತಲ್ಲೇ ವಾಲ್ಯೂಮ್ ಹೊಂದಿಸಿ. ಹೆದ್ದಾರಿಯಲ್ಲಿ ಅದು ಕೇಳಿಸದಿದ್ದರೆ ಏರಿಸಬೇಡಿ, ಪಕ್ಕಕ್ಕೆ ನಿಲ್ಲಿಸಿ ನಕ್ಷೆ ನೋಡಿ.

ಯಾರು ಹೆಚ್ಚು ಎಚ್ಚರವಾಗಿರಬೇಕು?

ವಾರಾಂತ್ಯಕ್ಕೆ ಚಿಕ್ಕಮಗಳೂರಿಗೆ ಹೋಗಿಬರುವವರಿಗಿಂತ ದಿನವೂ ಬೈಕ್ ಮೇಲೇ ದುಡಿಯುವವರು ಹೆಚ್ಚು ಎಚ್ಚರ ವಹಿಸಬೇಕು. ಡೆಲಿವರಿ ಹುಡುಗರು, ಊರಿಂದೂರಿಗೆ ಓಡಾಡುವ ಮೆಡಿಕಲ್ ರೆಪ್‌ಗಳು, ಫೈನಾನ್ಸ್ ಕಂಪನಿಯ ವಸೂಲಿಗಾರರು ಈ ಸಾಲಿನಲ್ಲಿದ್ದಾರೆ. ಸವಾರಿ ಮುಗಿದ ಮೇಲೂ ಗುಂಯ್‌ಗುಡುವಿಕೆ ಉಳಿಯುತ್ತಿದ್ದರೆ, ಟಿವಿಯ ಸದ್ದು ಏರಿಸಬೇಕಾಗುತ್ತಿದ್ದರೆ ಕಿವಿ-ಮೂಗು-ಗಂಟಲು ತಜ್ಞರಲ್ಲಿ ಆಡಿಯೋಮೆಟ್ರಿ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಈ ಪರೀಕ್ಷೆ ಇದೆ. ನೋವಿಲ್ಲದ ಪರೀಕ್ಷೆ ಇದು.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಮಾಡಿ: ಹೆಲ್ಮೆಟ್ ತಲೆ ಕಾಯುತ್ತದೆ, ಕಿವಿಯನ್ನಲ್ಲ. ಇಯರ್‌ಫೋನ್ ರಕ್ಷಣೆಯ ಸಾಧನವಲ್ಲ. ಹೆದ್ದಾರಿ ಸವಾರಿಗೆ ಸರಿಯಾಗಿ ಹಾಕಿದ ಇಯರ್‌ಪ್ಲಗ್ ಇರಲಿ, ಊರೊಳಗಿನ ನಿಧಾನ ಓಡಾಟಕ್ಕೆ ಕಿವಿ ತೆರೆದಿರಲಿ.