ಥ್ರೋ-ಇನ್ ಕಲಿಸುವವರು ಯಾರು?

ಕಾಸರಗೋಡಿನ ನಮ್ಮ ಕನ್ನಡ ಶಾಲೆಗಳ ಹುಡುಗರು ಫುಟ್‌ಬಾಲಿನಲ್ಲಿ ಯಾರಿಗೂ ಕಡಿಮೆಯವರಲ್ಲ. ಕೊಯ್ಲಾದ ಗದ್ದೆಯಲ್ಲಿ, ಮುರಕಲ್ಲಿನ ಬಯಲಿನಲ್ಲಿ ಓಡಿ ಗಟ್ಟಿಯಾದ ಕಾಲುಗಳು ಅವರವು. ಆದರೆ ಉಪಜಿಲ್ಲಾ ಪಂದ್ಯವೊಂದನ್ನು ಗೆರೆಯ ಪಕ್ಕದಲ್ಲಿ ನಿಂತು ನೋಡಿದವರಿಗೆ ಒಂದು ಕೊರತೆ ಕಾಣದಿರದು. ಚೆಂಡು ಪಕ್ಕದ ಗೆರೆ ದಾಟಿ ನಮಗೆ ಥ್ರೋ-ಇನ್ ದೊರೆತಾಗಲೆಲ್ಲ ಹತ್ತಿರವಿದ್ದ ಹುಡುಗ ಓಡಿ ಬಂದು ಕಣ್ಣಿಗೆ ಕಂಡತ್ತ ಎಸೆಯುತ್ತಾನೆ. ಚೆಂಡು ಎದುರಾಳಿಯ ಪಾಲು. ಇಲ್ಲವೇ ಕಾಲೆತ್ತಿದನೆಂದು ರೆಫ್ರಿ ಸೀಟಿ ಊದಿ ಎಸೆತವನ್ನೇ ಆಚೆಯವರಿಗೆ ಕೊಡುತ್ತಾರೆ. ಹುಡುಗನಿಗೆ ಬೈಗುಳ ಸಿಗುತ್ತದೆ, ಮುಂದಿನ ಪಂದ್ಯಕ್ಕೆ ಅವನ ಹೆಸರೂ ಬಿಟ್ಟುಹೋಗುತ್ತದೆ. ಅವನಿಗೆ ಅದನ್ನು ಕಲಿಸಿದವರು ಯಾರೆಂದು ಕೇಳುವವರಿಲ್ಲ.

ಇದು ಸಣ್ಣ ವಿಷಯವೆಂದು ತಳ್ಳಿಹಾಕುವವರು ಒಂದೆರಡು ಸಂಗತಿ ಗಮನಿಸಲಿ. ದೊಡ್ಡವರ ಪಂದ್ಯವೊಂದರಲ್ಲಿ ಇಂಥ ಎಸೆತಗಳು 40ರ ಆಸುಪಾಸಿನಲ್ಲಿ ಬರುತ್ತವೆ. ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ 2018ರಲ್ಲಿ ಡೆನ್ಮಾರ್ಕಿನ ಥಾಮಸ್ ಗ್ರೋನೆಮಾರ್ಕ್ ಎಂಬವರನ್ನು ಇದೊಂದನ್ನು ಕಲಿಸುವುದಕ್ಕೆಂದೇ ಗೊತ್ತುಮಾಡಿತು. ಅಷ್ಟು ದೂರವೇಕೆ, 2025ರ ಆಗಸ್ಟಿನಲ್ಲಿ ಭಾರತ ತಂಡ ತಜಿಕಿಸ್ತಾನವನ್ನು ಅವರ ನೆಲದಲ್ಲೇ 2-1ರಿಂದ ಸೋಲಿಸಿದಾಗ ಮೊದಲ ಗೋಲು ಹುಟ್ಟಿದ್ದು ನಮ್ಮ ಕೇರಳದವರೇ ಆದ ಮಹಮ್ಮದ್ ಉವೈಸ್ ಎಸೆದ ಉದ್ದನೆಯ ಥ್ರೋ-ಇನ್ನಿನಿಂದ. ಅನ್ವರ್ ಅಲಿ ಅದಕ್ಕೆ ತಲೆಕೊಟ್ಟರು.

ಹಾಗೆಂದು ನಮ್ಮ ಮಕ್ಕಳಿಗೆ ಮೊದಲೇ ಉದ್ದದ ಎಸೆತದ ಹುಚ್ಚು ಹಿಡಿಸಬಾರದು. ಎಂಟನೆಯ ತರಗತಿಯ ಬೆನ್ನಿಗೆ ಅದು ತಕ್ಕುದಲ್ಲ. ಮೊದಲು ನಿಯಮ ತಿಳಿಯಲಿ: ಮುಖ ಮೈದಾನದ ಕಡೆಗಿರಬೇಕು, ಎರಡು ಪಾದಗಳೂ ಗೆರೆಯ ಮೇಲೆ ಅಥವಾ ಹೊರಗೆ ನೆಲಕ್ಕೆ ತಾಗಿರಬೇಕು, ಚೆಂಡು ಎರಡೂ ಕೈಗಳಿಂದ ತಲೆಯ ಹಿಂದಿನಿಂದ, ತಲೆಯ ಮೇಲಾಗಿ ಬರಬೇಕು. ಹಿಂದಿನ ಕಾಲನ್ನು ಎಳೆಯಬಹುದು, ಎತ್ತಬಾರದು. ಹೆಬ್ಬೆರಳುಗಳು ಚೆಂಡಿನ ಹಿಂದೆ ಒಂದಕ್ಕೊಂದು ಹತ್ತಿರವಿದ್ದು ಉಳಿದ ಬೆರಳುಗಳು ಅಗಲವಾಗಿರಲಿ. ನಮ್ಮೂರಿನ ಮಳೆಗೆ ಚೆಂಡು ಜಾರುವುದರಿಂದ ಅಂಗಿಯಲ್ಲಿ ಒರೆಸಿ ಎಸೆಯುವುದನ್ನೂ ಹೇಳಿಕೊಡಬೇಕು.

ನಿಜವಾದ ಕೆಲಸವಿರುವುದು ಚೆಂಡು ಪಡೆಯುವವನಲ್ಲಿ. ಅವನು ಸುಮ್ಮನೆ ನಿಂತರೆ ಎಂಥ ಎಸೆತವೂ ವ್ಯರ್ಥ. ಎರಡು ಹೆಜ್ಜೆ ಎಸೆಯುವವನತ್ತ ಬಂದು, ಕಾವಲಿನವನು ಬೆನ್ನಟ್ಟಿದೊಡನೆ ಹಿಂದಕ್ಕೆ ತಿರುಗಿ ಓಡಬೇಕು. ಚೆಂಡು ಅವನ ಕಾಲಬುಡಕ್ಕೆ, ಇಲ್ಲವೇ ಓಡುವ ದಾರಿಯ ಮುಂದಕ್ಕೆ ಬೀಳಬೇಕು. ಥ್ರೋ-ಇನ್ನಿನಿಂದ ನೇರವಾಗಿ ಚೆಂಡು ಪಡೆದವನಿಗೆ ಆಫ್‌ಸೈಡ್ ಇಲ್ಲ. 1920ರಿಂದಲೂ ಇರುವ ಈ ನಿಯಮ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಎಸೆದವನೂ ಕೈಕಟ್ಟಿ ನಿಲ್ಲದೆ ಕೂಡಲೇ ಒಳಗೆ ಬಂದು ಮರುಪಾಸಿಗೆ ಸಿದ್ಧನಿರಬೇಕು. ಎಸೆಯುವವನೊಬ್ಬ, ಪಡೆಯುವವನೊಬ್ಬ, ತಡೆಯುವವನೊಬ್ಬ, ಹೀಗೆ ಮೂವರು ಹುಡುಗರು ಶಾಲೆಯ ಅಂಗಳದ ಮೂಲೆಯಲ್ಲಿ ಹತ್ತು ಸಲ ಎಸೆದು, ಎಷ್ಟು ಸಲ ಚೆಂಡು ನಮ್ಮಲ್ಲೇ ಉಳಿಯಿತೆಂದು ಎಣಿಸಿದರೆ ಸಾಕು. ದೊಡ್ಡ ಮೈದಾನವಿಲ್ಲವೆಂಬ ನೆವ ಇಲ್ಲಿ ಸಲ್ಲದು.

ನಮ್ಮ ಮಕ್ಕಳಿಗೆ ಮಲಯಾಳ ಬಾರದೆಂದಲ್ಲ. ಪೇಟೆಯ ಮಾತು ಚೆನ್ನಾಗಿಯೇ ಬರುತ್ತದೆ. ಆದರೆ ಶಿಬಿರದಲ್ಲಿ ತರಬೇತುದಾರರು ಅವಸರದಲ್ಲಿ ಹೇಳುವ ಸೂಕ್ಷ್ಮಗಳು ಅರ್ಧ ತಲುಪುತ್ತವೆ. ತಿಳಿಯಲಿಲ್ಲವೆನ್ನಲು ನಾಚಿ ಹುಡುಗ ಹಿಂದಿನ ಸಾಲಿಗೆ ಸರಿಯುತ್ತಾನೆ. ಮಹಾರಾಷ್ಟ್ರದ ಗಡಿಯ ಔರಾದ ಶಹಾಜನಿ, ಉಮರ್ಗಾ, ಉದಗೀರದ ಕಡೆ ಮನೆಯಲ್ಲಿ ಕನ್ನಡ, ಬಯಲಿನಲ್ಲಿ ಮರಾಠಿ ಎಂದು ಬೆಳೆಯುವ ಮಕ್ಕಳ ಪಾಡೂ ಇದಕ್ಕಿಂತ ಬೇರೆಯಿರಲಾರದು. ಕಾಲನ್ನು ಎಳೆಯುವುದಕ್ಕೂ ಎತ್ತುವುದಕ್ಕೂ ಇರುವ ವ್ಯತ್ಯಾಸವನ್ನು ಅವರವರ ಭಾಷೆಯಲ್ಲಿ ಒಮ್ಮೆ ಹೇಳಿ ತೋರಿಸಿದರೆ ಮಗು ಮರೆಯದು.

ಮಕ್ಕಳ ಸಂಖ್ಯೆ ಕಡಿಮೆಯಿರುವ ಹಲವು ಶಾಲೆಗಳಲ್ಲಿ ದೈಹಿಕ ಶಿಕ್ಷಕರಿಲ್ಲ. ಅಲ್ಲಿ ಊರಿನ ಹಳೆಯ ಆಟಗಾರರನ್ನು ವಾರಕ್ಕೊಂದು ಸಂಜೆ ಕರೆಯುವುದಕ್ಕೆ ರಕ್ಷಕ-ಶಿಕ್ಷಕ ಸಂಘಕ್ಕೆ ಖರ್ಚಾದರೂ ಏನು? ಹತ್ತನೆಯ ತರಗತಿಯ ಹೆಸರಿನಲ್ಲಿ ಆಟದ ಅವಧಿಯನ್ನು ಗಣಿತಕ್ಕೆ ಬಿಟ್ಟುಕೊಡುವುದನ್ನು ಹೆತ್ತವರೇ ಪ್ರಶ್ನಿಸಬೇಕು. ಈ ವರ್ಷದ ಉಪಜಿಲ್ಲಾ ಪಂದ್ಯಗಳಿಗೆ ತಂಡ ಆರಿಸುವ ಮೊದಲೇ ಇದನ್ನು ಆರಂಭಿಸಲು ಸಂಬಂಧಪಟ್ಟ ಮುಖ್ಯೋಪಾಧ್ಯಾಯರು ಮನಸ್ಸು ಮಾಡಲಿ.