ಪರರ ದೇವಸನ್ನಿಧಿಯಲ್ಲಿ ನಮ್ಮ ನಡತೆ

“ಎಲ್ಲಾ ಮತಗಳೂ ಒಂದೇ” ಎಂಬ ಮಾತು ನಮ್ಮ ಸಭೆಗಳಲ್ಲಿ ಎಷ್ಟು ಸುಲಭವಾಗಿ ಹೊರಡುತ್ತದೆಯೋ, ಪರಮತದ ಗುಡಿಯ ಹೊಸ್ತಿಲನ್ನು ದಾಟಿದೊಡನೆ ಅಷ್ಟೇ ಸುಲಭವಾಗಿ ಮರೆತುಹೋಗುತ್ತದೆ. ಅಲ್ಲಿಗೆ ಹೋಗಲೇ ಕೂಡದೆಂದು ಹಟ ಹಿಡಿಯುವ ಪೂರ್ವಾಚಾರನಿಷ್ಠರನ್ನು ಖಂಡಿಸುವುದು ವಾಡಿಕೆ. ನಾನು ಖಂಡಿಸಹೊರಟಿರುವುದು ಹೋಗಿಬರುವವರನ್ನು. ಹೋಗದವನಿಂದ ಯಾರ ಪೂಜೆಯೂ ಕೆಡದು. ಮರ್ಯಾದೆಯನ್ನರಿಯದೆ ಹೋದವನಿಂದ ಕೆಡುತ್ತದೆ.

ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಕಣ್ಣಾರೆ ಕಂಡುದನ್ನು ಹೇಳುತ್ತೇನೆ. ಗಂಗರ ಮಂತ್ರಿಯಾದ ಚಾವುಂಡರಾಯನು ಕ್ರಿ. ಶ. 981ರ ಸುಮಾರಿಗೆ ನಿಲ್ಲಿಸಿದ ಆ ಬಾಹುಬಲಿಯ ಪಾದದ ಬಳಿ ವೃದ್ಧೆಯೊಬ್ಬಳು ಜಪ ಮಾಡುತ್ತ ಕುಳಿತಿದ್ದಳು. ಅಷ್ಟರಲ್ಲಿ ಸುಶಿಕ್ಷಿತರ ಕುಟುಂಬವೊಂದು ಬಂದಿತು. ತರುಣರು ಸ್ವಾಮಿಯ ದಿಗಂಬರತ್ವವನ್ನು ಕುರಿತು ಹಾಸ್ಯವಾಡಿ ನಕ್ಕರು. ಹಿರಿಯರು ತಡೆಯಲಿಲ್ಲ; ಆ ವೃದ್ಧೆಯೂ ಚಿತ್ರದಲ್ಲಿ ಬರುವಂತೆ ನಿಂತು ಮೊಬೈಲಿನಲ್ಲಿ ಭಾವಚಿತ್ರ ತೆಗೆಸಿಕೊಂಡರು. ಆಕೆ ಜಪಮಾಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದುಹೋದಳು. ಬೆಟ್ಟವಿಳಿಯುವಾಗ ಆ ಗೃಹಸ್ಥರೇ, “ನಮಗೆ ಮತಭೇದವಿಲ್ಲ, ಸ್ವಾಮಿ, ಎಲ್ಲಾ ಕಡೆಗೂ ಹೋಗುತ್ತೇವೆ” ಎಂದರು. ನಾನು ಉತ್ತರ ಕೊಡಲಿಲ್ಲ. ಅಂದಿನ ಮೌನವು ನನ್ನ ತಪ್ಪು. ಈ ಬರಹವು ಅದಕ್ಕೆ ಪ್ರಾಯಶ್ಚಿತ್ತ.

ಅಣ್ಣನಾದ ಭರತನನ್ನು ಗೆದ್ದು, ಗೆದ್ದ ರಾಜ್ಯವನ್ನೂ ಉಟ್ಟ ವಸ್ತ್ರವನ್ನೂ ತೊರೆದು ನಿಂತವನ ಮೂರ್ತಿಯದು. ಜೈನರ ಸಿದ್ಧಾಂತವನ್ನು ನಾವು ಒಪ್ಪಬೇಕಾಗಿಲ್ಲ. ಆದರೆ ಇಷ್ಟನ್ನೂ ತಿಳಿಯದೆ, ಬರಿಗಾಲಿನಲ್ಲಿ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಹತ್ತಿದ ಶ್ರಮಕ್ಕೆ ಫಲವೇನು?

ಅದೇ ಬೆಳಗೊಳದಲ್ಲಿ 1368ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವು ಹುಟ್ಟಿದಾಗ ವಿಜಯನಗರದ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ನಮ್ಮ ವಾಗ್ಮಿಗಳು ಉದಾಹರಿಸುವುದು ಇಷ್ಟನ್ನೇ. ಶಾಸನವು ಇಲ್ಲಿಗೇ ನಿಲ್ಲದು. ಜೈನರ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆ ನಡೆಯತಕ್ಕದ್ದು. ಜೈನರ ಮನೆಗಳಿಂದ ವರ್ಷಕ್ಕೊಂದು ಹಣದಂತೆ ಕೂಡಿಸಿ ವೈಷ್ಣವರ ಕಡೆಯವರು ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನಿಡತಕ್ಕದ್ದು. ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು ಎಂದು ವಿಧಿಸುತ್ತದೆ. ಅಭೇದದ ಮಾತು ಸುಣ್ಣದ ಲೆಕ್ಕದವರೆಗೂ ಇಳಿದುಬಂದಿತು! ನಮ್ಮದು ನಾಲಗೆಯಿಂದ ಕೆಳಗೆ ಇಳಿಯುವುದೇ ಇಲ್ಲ.

“ಮನಸ್ಸು ಶುದ್ಧವಾಗಿದ್ದರೆ ಸಾಲದೆ?” ಎಂದು ಕೇಳುವವರುಂಟು. ಸಾಲದು. ಬೀದರಿನ ಗುರುನಾನಕ್ ಝಿರಾದಲ್ಲಿ ತಲೆಗೆ ವಸ್ತ್ರವನ್ನು ಹೊದೆದುಕೊಂಡೇ ಒಳಹೊಗಬೇಕು; ಅಲ್ಲಿ ಕೊಡುವ ಪ್ರಸಾದವನ್ನು ಯಾವ ಮತದವನಾದರೂ ಎರಡು ಕೈಯೊಡ್ಡಿ ಸ್ವೀಕರಿಸುವುದೇ ಗೌರವ. ಕಾರ್ಕಳದ ಬಳಿಯ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿಗೂ ಜಾತ್ರೆಯ ಕಾಲದಲ್ಲಿ ನಾನಾ ಮತದವರು ಹೋಗುತ್ತಾರೆ. ಆದರೆ ಬಲಿಪೂಜೆಯಲ್ಲಿ ಹಂಚುವ ಪರಮಪ್ರಸಾದವು ಆ ದೀಕ್ಷೆ ಪಡೆದವರಿಗೆ ಮಾತ್ರ ಸಲ್ಲತಕ್ಕದ್ದು. ಇತರರು ಕೈಯೊಡ್ಡದೆ ಸುಮ್ಮನಿರುವುದೇ ಗೌರವ. ಒಂದೆಡೆ ಒಲ್ಲೆನೆಂಬುದು ಅವಿನಯ, ಇನ್ನೊಂದೆಡೆ ಬೇಕೆಂಬುದು ಅವಿನಯ. ಇದನ್ನು ಶುದ್ಧ ಮನಸ್ಸು ತಾನಾಗಿ ಅರಿಯಬಲ್ಲುದೆ? ಕೇಳಿ ತಿಳಿಯಬೇಕು.

ಹೀಗೆ ನಡೆದುಕೊಂಡರೆ ಸ್ವಮತಕ್ಕೆ ಹಾನಿಯೆಂಬ ಭಯವೂ ಬೇಡ. ನೆಂಟರ ಮನೆಯಲ್ಲಿ ಅವರ ಪದ್ಧತಿಯಂತೆ ಉಂಡೆದ್ದವನು ತನ್ನ ಕುಲವನ್ನು ಕಳೆದುಕೊಳ್ಳುವುದಿಲ್ಲ.

ಆದಕಾರಣ, ವಾಚಕ ಮಹಾಶಯರೇ, ಮುಂದಿನ ಸಲ ಮಕ್ಕಳನ್ನು ಅನ್ಯರ ಸನ್ನಿಧಿಗೆ ಕರೆದೊಯ್ಯುವ ಮುನ್ನ ಮನೆಯಲ್ಲಿ ಅರ್ಧ ಗಳಿಗೆ ಕೂರಿಸಿಕೊಂಡು, ಅಲ್ಲಿ ಪೂಜೆಗೊಳ್ಳುವವರು ಯಾರು, ನಾವು ಹೇಗಿರಬೇಕು ಎಂಬುದನ್ನು ತಿಳಿಸಿರಿ. ತಿಳಿಸುವಷ್ಟು ತಾಳ್ಮೆಯಿಲ್ಲದಿದ್ದರೆ ಬೆಟ್ಟದ ಕೆಳಗೇ ನಿಲ್ಲಿರಿ. ಮೇಲೆ ಜಪಕ್ಕೆ ಕುಳಿತವರು ಕುಳಿತಲ್ಲಿಯೇ ಇರಲಿ.